ಅರ್ಧಕ್ಕೆ ನಿಂತರೂ ಉಳಿದ ಲೆಕ್ಕ

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ಆ ಫೋಟೊ ನೋಡಿ ನಾನೂ ಚಿಕ್ಕೋಡಿಯ ನಮ್ಮ ಮನೆಯ ಮಾಳಿಗೆ ಹತ್ತಿದೆ. ಏನೂ ಕಾಣಲಿಲ್ಲ. ಧ್ರುವಪ್ರಭೆ ಧ್ರುವಗಳ ಕಡೆಯದು, ನಾವಿರುವುದು ತೀರಾ ದಕ್ಷಿಣಕ್ಕೆ. ಆಗ ಸಿಇಟಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಕಾರಣ ಹುಡುಕುತ್ತ ಹೋದಾಗ ಸಿಕ್ಕ ಹೆಸರು ರಿಚರ್ಡ್ ಕ್ಯಾರಿಂಗ್ಟನ್.

1826ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವರ ತಂದೆಗೆ ಬಿಯರ್ ಕಾರ್ಖಾನೆ ಇತ್ತು. ಪಾದ್ರಿಯಾಗಲೆಂದು ಕೇಂಬ್ರಿಜ್‌ಗೆ ಹೋದ ಮಗನಿಗೆ ಖಗೋಳದ ಹುಚ್ಚು ಹಿಡಿಯಿತು. ಡರ್ಹ್ಯಾಮ್ ವಿಶ್ವವಿದ್ಯಾಲಯದ ನೌಕರಿ ಬಿಟ್ಟು ರೆಡ್‌ಹಿಲ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿದರು. ರಾತ್ರಿ ನಕ್ಷತ್ರಗಳ ಪಟ್ಟಿ, ಹಗಲು ಸೂರ್ಯನ ಕಲೆಗಳ ಚಿತ್ರ. ಕಲೆಗಳು ಹೆಚ್ಚಿ ಇಳಿಯುವ ಸುಮಾರು 11 ವರ್ಷದ ಒಂದು ಚಕ್ರವನ್ನು ಪೂರ್ತಿ ದಾಖಲಿಸುವುದು ಅವರ ಆಸೆ.

1858ರಲ್ಲಿ ತಂದೆ ತೀರಿಕೊಂಡರು. ಕಾರ್ಖಾನೆಯ ಭಾರ ಮಗನ ಹೆಗಲಿಗೆ ಬಿತ್ತು.

ಆದರೂ 1859ರ ಸೆಪ್ಟೆಂಬರ್ 1ರ ಬೆಳಿಗ್ಗೆ ಅವರು ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಪರದೆಯ ಮೇಲೆ ಬೀಳಿಸಿ ಕಲೆಗಳನ್ನು ಬರೆಯುತ್ತಿದ್ದರು. ಏಕಾಏಕಿ ಕಲೆಗಳ ಗುಂಪಿನ ಮೇಲೆ ಎರಡು ಕಡೆ ಬಿಳಿ ಬೆಳಕು ಚಿಮ್ಮಿತು. ಯಾರಿಗಾದರೂ ತೋರಿಸೋಣವೆಂದು ಓಡಿದರು. ಒಂದು ನಿಮಿಷದೊಳಗೆ ಮರಳಿದರೂ ಅಷ್ಟರಲ್ಲಿ ಅದು ಮಂಕಾಗಿತ್ತು. ಐದು ನಿಮಿಷಕ್ಕೆ ಎಲ್ಲ ಮುಗಿಯಿತು. ಪುಣ್ಯಕ್ಕೆ ರಿಚರ್ಡ್ ಹಾಡ್ಜ್‌ಸನ್ ಎಂಬುವರೂ ಬೇರೆ ಕಡೆ ಅದನ್ನೇ ಕಂಡಿದ್ದರು. ಮನುಷ್ಯ ಕಂಡು ದಾಖಲಿಸಿದ ಮೊದಲ ಸೌರಜ್ವಾಲೆ ಅದು.

ಸೂರ್ಯ ಉಗುಳಿದ ವಿದ್ಯುತ್ ಕಣಗಳ ಮೋಡ ಸುಮಾರು 17 ಗಂಟೆಗಳಲ್ಲಿ ಭೂಮಿಯ ಕಾಂತಕ್ಷೇತ್ರಕ್ಕೆ ಬಡಿಯಿತು. ಟೆಲಿಗ್ರಾಫ್ ತಂತಿಗಳು ಕೆಟ್ಟವು. ಕ್ಯೂಬಾ, ಹವಾಯಿಯಲ್ಲೂ ಧ್ರುವಪ್ರಭೆ ಕಂಡಿತು. ಮುಂಬೈನ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕದಲ್ಲಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿತ ದಾಖಲಾಯಿತು. ನಮ್ಮ ಚಿಕ್ಕೋಡಿಯೂ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಆ ಬಿರುಗಾಳಿಯ ಬಲ ಅಳೆಯಲು ವಿಜ್ಞಾನಿಗಳು ಇಂದಿಗೂ ಕೊಲಾಬಾದ ಆ ಅಂಕಿಗಳನ್ನು ನೋಡುತ್ತಾರೆ.

ಕ್ಯಾರಿಂಗ್ಟನ್ ಆಸೆ ಮಾತ್ರ ಈಡೇರಲಿಲ್ಲ. ಕೇಂಬ್ರಿಜ್ ವೀಕ್ಷಣಾಲಯದ ಹುದ್ದೆ ಬೇರೆಯವರ ಪಾಲಾಯಿತು. ವ್ಯವಹಾರದ ಒತ್ತಡದಲ್ಲಿ 1861ಕ್ಕೆ ವೀಕ್ಷಣೆ ನಿಂತಿತು. 1875ರಲ್ಲಿ, 49ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನು ಓದಿದಾಗ ನನಗೆ ಅಷ್ಟೇನೂ ಅನ್ನಿಸಿರಲಿಲ್ಲ. ಕಳೆದ ವರ್ಷ ಅಪ್ಪನಿಗೆ ಹೃದಯದ ತೊಂದರೆಯಾಯಿತು. ಈಗ ಶನಿವಾರ, ಭಾನುವಾರ ರಾಯಬಾಗದ ನಮ್ಮ ಗೊಬ್ಬರದ ಅಂಗಡಿಯಲ್ಲಿ ನಾನೇ ಕೂರುತ್ತೇನೆ. ಬಿಇ ಮುಗಿಯುತ್ತದೋ ಇಲ್ಲವೋ ಎಂಬ ಭಯ ಕಾಡಿದಾಗೆಲ್ಲ ಅವರು ನೆನಪಾಗುತ್ತಾರೆ. ಅವರಿಗೆ ಸಿಕ್ಕಿದ್ದು ಏಳೂವರೆ ವರ್ಷ ಮಾತ್ರ. ಅಷ್ಟರಲ್ಲೇ ಸೂರ್ಯನ ನಡುಭಾಗ ಉಳಿದ ಭಾಗಕ್ಕಿಂತ ಬೇಗ ಸುತ್ತುತ್ತದೆಂದು ತೋರಿಸಿಕೊಟ್ಟರು. ಸೂರ್ಯನ ಒಂದೊಂದು ಸುತ್ತನ್ನೂ ಇಂದಿಗೂ ಎಣಿಸುವುದು ಅವರ ಹೆಸರಲ್ಲೇ, 1853ರ ನವೆಂಬರ್‌ನಿಂದ. ಆ ಲೆಕ್ಕ 2,280 ದಾಟಿದೆ.

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ನಾನೀಗ ಪುಸ್ತಕ ತೆರೆಯುತ್ತೇನೆ. ಎಷ್ಟು ಪುಟವಾಯಿತೋ ಅಷ್ಟು.