ಚಿತ್ರ ಬರೆಯಲಾರದವರ ಬೋಳು ಮರ

ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1800ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಗಣಿತಜ್ಞರಾದ ಅವರಿಗೆ ಚಿತ್ರ ಬರೆಯುವ ಕಲೆ ಒಲಿದಿರಲಿಲ್ಲ. 1833ರಲ್ಲಿ ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ ಎದುರಾದ ಆ ಸೋಲೇ, ಬೆಳಕಿನಿಂದ ಚಿತ್ರ ಬರೆಸುವ ಹಂಬಲಕ್ಕೆ ಕಾರಣವಾಯಿತು. 1839ರಲ್ಲಿ ಫ್ರಾನ್ಸಿನ ಡಾಗೇರ್ ಮೊದಲಿಗರಾಗಿ ಕೀರ್ತಿ ಪಡೆದರೂ ಟಾಲ್ಬಟ್ ಎದೆಗುಂದದೆ, 1841ರಲ್ಲಿ ಕ್ಯಾಲೊಟೈಪ್ ವಿಧಾನಕ್ಕೆ ಪೇಟೆಂಟ್ ಪಡೆದರು. ಮುಂದೆ ಲೇಕಾಕ್‌ನಲ್ಲಿ ಚಳಿಗಾಲದ ಓಕ್ ಮರವೊಂದನ್ನು ಸೆರೆಹಿಡಿದರು. ದೀರ್ಘ ಎಕ್ಸ್‌ಪೋಷರ್‌ನಲ್ಲಿ ಗಾಳಿಗೆ ಅಲುಗುವ ಎಲೆಗಳು ಮಸುಕಾಗುತ್ತವೆ. ಬೋಳು ಮರಕ್ಕೆ ಆ ತೊಡಕಿಲ್ಲ. ಕಾಗದದ ನೆಗೆಟಿವ್‌ನಲ್ಲಿ ಕಪ್ಪು ಆಗಸಕ್ಕೆ ಬಿಳಿಯ ಕೊಂಬೆಗಳು. ಮುದ್ರಿಸಿದಾಗ ತಿಳಿ ಆಗಸಕ್ಕೆ ಕಡುಗಪ್ಪಿನ ಕೊಂಬೆಗಳು. ಡಾಗೇರ್ ಫಲಕ ನೀಡಿದ್ದು ಒಂದೇ ಚಿತ್ರ. ಈ ನೆಗೆಟಿವ್‌ನಿಂದ ಹಲವು ಪ್ರತಿಗಳು ಸಾಧ್ಯವಾದವು. ಟಾಲ್ಬಟ್ 1877ರಲ್ಲಿ ನಿಧನರಾದರು. ಮುಂದಿನ ಕಪ್ಪು-ಬಿಳುಪು ಛಾಯಾಗ್ರಹಣ ಬಹುಪಾಲು ನಡೆದದ್ದು ಅವರ ಹಾದಿಯಲ್ಲೇ.