ಕಣ್ಣು ಮುಚ್ಚಿ ಕೇಳಿದ ನರಸಿಂಹರಾಜು

ಹೋದ ಮಳೆಗಾಲದಲ್ಲಿ ಖಾನಾಪುರದ ಅಜ್ಜಿ ಮನೆಗೆ ಹೋಗಿದ್ದೆ. ಅಲ್ಲಿ ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ಕರೆಂಟು. ಕತ್ತಲಲ್ಲಿ ಕುಳಿತು ಅಜ್ಜಿ ತನ್ನ ಕಾಲದ ರೇಡಿಯೊ ಸುದ್ದಿ ತೆಗೆದಳು. ಧಾರವಾಡ ಆಕಾಶವಾಣಿಯಲ್ಲಿ ಸಿನಿಮಾದ ಧ್ವನಿವಾಹಿನಿ ಬಂದರೆ ಓಣಿಯವರೆಲ್ಲ ಕೂಡಿ ಕೇಳುತ್ತಿದ್ದರಂತೆ. ನರಸಿಂಹರಾಜು ಬಂದಾಗ ಸಿನಿಮಾ ನೋಡಿದವರು ನಗುತ್ತಿದ್ದರಂತೆ, ನೋಡದವರು ಏನಾಯಿತು ಎಂದು ಕೇಳುತ್ತಿದ್ದರಂತೆ.

ಈ ಮಾತು ನನಗೆ ನಾಟಿತು. ಕೆಲವು ತಿಂಗಳ ಹಿಂದೆ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಹಲ್ಲು ಮುಂದೆ ಮಾಡಿ, ಕಣ್ಣರಳಿಸಿ ನರಸಿಂಹರಾಜು ಅವರನ್ನು ಅನುಕರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಅದೇ ಹುರುಪಿನಲ್ಲಿ ಒಂದು ರೇಡಿಯೊ ಕೇಂದ್ರದ ಧ್ವನಿ ಪರೀಕ್ಷೆಗೆ ಹೋಗಿ ಅದನ್ನೇ ಮಾಡಿದೆ. ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ತಲೆ ತಗ್ಗಿಸಿ ಕುಳಿತಿದ್ದವರು ಒಮ್ಮೆಯೂ ನಗಲಿಲ್ಲ. ನಾನು ಆಯ್ಕೆಯಾಗಲಿಲ್ಲ.

ಬೆಳಗಾವಿಗೆ ಮರಳಿ, ಕೋಟೆ ಕೆರೆಯ ಹತ್ತಿರದ ನಮ್ಮ ಮನೆಯಲ್ಲಿ ನರಸಿಂಹರಾಜು ಅವರ ಬದುಕನ್ನು ಓದತೊಡಗಿದೆ.

1923ರ ಜುಲೈ 24ರಂದು ತಿಪಟೂರಿನಲ್ಲಿ ಹುಟ್ಟಿದ ಅವರು ಶಾಲೆಗಿಂತ ಹೆಚ್ಚು ಕಲಿತದ್ದು ನಾಟಕ ಕಂಪನಿಗಳಲ್ಲಿ. ಚಿಕ್ಕ ಹುಡುಗನಿದ್ದಾಗಲೇ ಬಾಲಪಾತ್ರಗಳಿಗೆ ಬಣ್ಣ ಹಚ್ಚಿದರು. ಮುಂದೆ ಕಂಪನಿಯಿಂದ ಕಂಪನಿಗೆ, ಊರಿಂದ ಊರಿಗೆ ಅಲೆದು ಗುಬ್ಬಿ ಕಂಪನಿ ಸೇರಿದರು. ಮೈಕು ಅಪರೂಪವಾಗಿದ್ದ ಕಾಲ ಅದು. ಕೊನೆಯ ಸಾಲಿನ ಚಾಪೆಯ ಮೇಲೆ ಕುಳಿತವನಿಗೂ ಮಾತು ಮುಟ್ಟಿಸಬೇಕಿತ್ತು.

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ ಬಂತು. ರಾಜಕುಮಾರ್ ನಾಯಕರಾದ ಮೊದಲ ಚಿತ್ರದಲ್ಲೇ ನರಸಿಂಹರಾಜು ಕಾಶಿಯ ಪಾತ್ರ ಮಾಡಿ ಗೆದ್ದರು. ಕ್ಯಾಮೆರಾ ಮುಖದ ಹತ್ತಿರ ಬಂದಾಗ ಸಣಕಲು ಮೈ, ಉಬ್ಬು ಹಲ್ಲುಗಳೇ ಅವರ ಬಂಡವಾಳವಾದವು. ಬೇರೆಯವರು ಕೊರತೆ ಎಂದು ಮುಚ್ಚಿಡುವುದನ್ನು ಅವರು ತೆರೆದು ತೋರಿಸಿದರು.

ಆದರೂ ಕೆಲಸ ಸದಾ ಸಿಗಲಿಲ್ಲ. ಕನ್ನಡ ಚಿತ್ರಗಳೇ ವಿರಳವಾಗಿದ್ದಾಗ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಅವರ ಜತೆ ಕನ್ನಡ ಕಲಾವಿದರ ಸಂಘ ಕಟ್ಟಿ ಊರೂರಿಗೆ ನಾಟಕ ಒಯ್ದರು. ಅದೇ ಸಂಘ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ತೆಗೆಯಿತು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರು ನಕ್ಷತ್ರಿಕ. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ಚಿತ್ರಕ್ಕೆ ತಾವೇ ನಿರ್ಮಾಪಕರಾದರು. ಸುಮಾರು 250 ಚಿತ್ರಗಳಲ್ಲಿ ನಗಿಸಿ, ಹಾಸ್ಯ ಚಕ್ರವರ್ತಿ ಎನಿಸಿಕೊಂಡು, 1979ರ ಜುಲೈನಲ್ಲಿ ಐವತ್ತಾರು ತುಂಬುವ ಮೊದಲೇ ತೀರಿಕೊಂಡರು.

ಇಷ್ಟು ಓದಿದ ಮೇಲೆ ಒಂದು ಪ್ರಯೋಗ ಮಾಡಿದೆ. ಮೊಬೈಲನ್ನು ಕವುಚಿಟ್ಟು, ಕಣ್ಣು ಮುಚ್ಚಿ ಅವರ ಹಾಸ್ಯ ದೃಶ್ಯಗಳನ್ನು ಬರೀ ಕೇಳಿದೆ. ಅವರು ಮಾತಾಡದೆ ಸುಮ್ಮನೆ ದಿಟ್ಟಿಸುವ ಕಡೆಯೆಲ್ಲ ನನಗೆ ಸಿಕ್ಕಿದ್ದು ಮೌನ. ತೆರೆಯ ಮೇಲೆ ಆ ಮೌನವೇ ನಗು. ರೇಡಿಯೊದಲ್ಲಿ ಅದು ಖಾಲಿ ಜಾಗ, ಕೇಳುವವನಿಗೆ ಸ್ಟೇಷನ್ ಕೆಟ್ಟಿತೇನೋ ಎಂಬ ಅನುಮಾನ. ಆದರೆ ನಕ್ಷತ್ರಿಕ ಬಂದಾಗ ಕತೆಯೇ ಬೇರೆ. ರಾಜನ ಬೆನ್ನು ಬಿಡದೆ ಸಾಲಕ್ಕಾಗಿ ಪೀಡಿಸುವ ಆ ದನಿಯ ಏರಿಳಿತಕ್ಕೆ ಕಣ್ಣು ಮುಚ್ಚಿದ್ದರೂ ನಕ್ಕೆ. ಕಂಪನಿ ನಾಟಕದ ಆ ಕೊನೆಯ ಸಾಲಿನ ಪಾಠ ಅಲ್ಲಿ ಕೇಳಿಸಿತು.

ಆಕಾಶವಾಣಿಯ ಈರಣ್ಣ ಎಂದೇ ಹೆಸರಾದ ಎ.ಎಸ್. ಮೂರ್ತಿ ಅವರನ್ನು ಮನೆ ಮನೆಯವರು ಮುಖ ನೋಡದೆಯೇ ಗುರುತಿಸುತ್ತಿದ್ದರು. ಅವರಿಗೆ ದನಿಯೇ ಮುಖ. ನಾನು ನರಸಿಂಹರಾಜು ಅವರ ಹಲ್ಲನ್ನಷ್ಟೇ ನಕಲು ಮಾಡಿದ್ದೆ, ದನಿಯನ್ನಲ್ಲ. ಸೋತದ್ದು ಅಲ್ಲಿ.

ಈಗ ನಮ್ಮ ಸೀನಿಯರ್‌ಗಳಿಗೆ ಕ್ಯಾಂಪಸ್ ಸಂದರ್ಶನದ ಮೊದಲ ಸುತ್ತು ಎಷ್ಟೋ ಸಲ ಫೋನಿನಲ್ಲೇ ನಡೆಯುತ್ತದೆ. ಇಸ್ತ್ರಿ ಮಾಡಿದ ಅಂಗಿ, ನಗುಮುಖ ಯಾವುದೂ ಆಚೆ ದಡ ಮುಟ್ಟುವುದಿಲ್ಲ. ಮುಂದಿನ ವರ್ಷ ನನ್ನ ಸರದಿ. ಅದಕ್ಕೇ ಹೊಸದೇನು ಕಟ್ಟಿದರೂ ಮೊದಲು ಖಾನಾಪುರಕ್ಕೆ ಫೋನ್ ಹಚ್ಚುತ್ತೇನೆ, ವಿಡಿಯೊ ಕಾಲ್ ಅಲ್ಲ. ಅಜ್ಜಿ ನಕ್ಕರೆ ಇಟ್ಟುಕೊಳ್ಳುತ್ತೇನೆ. ಏನಾಯಿತು ಎಂದು ಕೇಳಿದರೆ ಮತ್ತೆ ಬರೆಯುತ್ತೇನೆ.