ಕಡಲ ತಳವನ್ನಳೆದ ಮಾರಿಸ್ ಯೂಯಿಂಗ್

ಮಾರಿಸ್ ಯೂಯಿಂಗರು 1906ರ ಮೇ 12ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಲಾಕ್ನಿ ಎಂಬ ಊರಿನ ರೈತ ಕುಟುಂಬವೊಂದರಲ್ಲಿ ಜನಿಸಿದರು. ವಿದ್ಯಾರ್ಥಿವೇತನದ ನೆರವಿನಿಂದ ರೈಸ್ ವಿದ್ಯಾಸಂಸ್ಥೆಯಲ್ಲಿ ವ್ಯಾಸಂಗ ಮಾಡಿ 1931ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ದಡದಿಂದ ಕಡಲೊಳಗೆ ಚಾಚಿರುವ ಆಳವಿಲ್ಲದ ನೆಲವೇ ಖಂಡಾವರಣ ಪ್ರದೇಶ. ಅಲ್ಲಿ ಶೇಖರಗೊಂಡ ಮೆಕ್ಕಲಿನ ದಪ್ಪವೆಷ್ಟೆಂಬುದನ್ನು ಅರಿಯಲು ಅವರು 1935ರಲ್ಲಿ ‘ಅಟ್ಲಾಂಟಿಸ್’ ಹಡಗನ್ನೇರಿ ವರ್ಜೀನಿಯಾ ತೀರದಾಚೆಗೆ ತೆರಳಿದರು. ಸಿಡಿಮದ್ದಿನ ಸ್ಫೋಟದಿಂದೇಳುವ ಕಂಪನಗಳು ಸಡಿಲ ಮೆಕ್ಕಲಿನಲ್ಲಿ ಮಂದವಾಗಿಯೂ ಗಟ್ಟಿ ಶಿಲೆಯಲ್ಲಿ ಶೀಘ್ರವಾಗಿಯೂ ಸಾಗುತ್ತವೆ. ಅವು ಉಪಕರಣಗಳನ್ನು ಮುಟ್ಟಿದ ಕಾಲವನ್ನು ಗಣಿಸಿ ದಪ್ಪವನ್ನು ನಿರ್ಧರಿಸಿದರು. ತೀರದಿಂದ ದೂರ ಸರಿದಂತೆಲ್ಲ ಮೆಕ್ಕಲು ಹೆಚ್ಚುತ್ತ ಖಂಡಾವರಣದ ಅಂಚಿನಲ್ಲಿ ಸುಮಾರು 12,000 ಅಡಿಗಳಷ್ಟಿರುವುದು ತಿಳಿದುಬಂದಿತು.

1949ರಲ್ಲಿ ನ್ಯೂಯಾರ್ಕ್ ಬಳಿ ಲ್ಯಾಮಾಂಟ್ ಭೂವೈಜ್ಞಾನಿಕ ವೀಕ್ಷಣಾಲಯವನ್ನು ಸ್ಥಾಪಿಸಿದರು. 1954ರಲ್ಲಿ ‘ವೀಮಾ’ ಹಡಗಿನಿಂದ ಅಲೆಯ ಹೊಡೆತಕ್ಕೆ ಸಮುದ್ರಕ್ಕೆ ಬಿದ್ದು ಪ್ರಾಣಾಪಾಯದಿಂದ ಪಾರಾದರೂ ಸಮುದ್ರಯಾನವನ್ನು ಬಿಡಲಿಲ್ಲ. ಆಳಸಾಗರದಲ್ಲಿ ಮಾತ್ರ ಮೆಕ್ಕಲು ನಿರೀಕ್ಷಿಸಿದುದಕ್ಕಿಂತ ತೆಳುವಾಗಿತ್ತು. ಖಂಡಗಳು ಚಲಿಸುತ್ತವೆಂಬ ವಾದವನ್ನು ಅವರು ದೀರ್ಘಕಾಲ ಒಪ್ಪಲಿಲ್ಲ. ಆದರೆ ಅವರ ಹಡಗುಗಳು ತಂದ ಅಳತೆಗಳೇ ಆ ವಾದಕ್ಕೆ ಆಧಾರವಾದವು.

1974ರ ಮೇ 4ರಂದು ಅವರು ನಿಧನರಾದರು. ತಮ್ಮ ಮತಕ್ಕೆ ಒಗ್ಗದ ಅಳತೆಗಳನ್ನೂ ಶ್ರದ್ಧೆಯಿಂದ ಸಂಗ್ರಹಿಸಿ ಲೋಕಕ್ಕೊಪ್ಪಿಸಿದ ಅವರ ಸತ್ಯನಿಷ್ಠೆ ವಿದ್ಯಾರ್ಥಿಗಳಿಗೆ ಅನುಕರಣೀಯವಾದುದು.